ತಂತ್ರಾಂಶಪರೀಕ್ಷಕನ ಸ್ಥಾನಪಲ್ಲಟ

ತಂತ್ರಾಂಶಪರೀಕ್ಷೆಯ ಗುರಿ ದೋಷಾನ್ವೇಷಣವೇ ಎಂದು ಗ್ಲೆನ್‌ಫೋರ್ಡ್ ಮೈಯರ್ಸರು 1979ರ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ಅಮರಕೋಶವು ಪಂಡಿತನನ್ನು ‘ದೋಷಜ್ಞ’ನೆಂದುದು ಇಲ್ಲಿ ಸ್ಮರಣೀಯ. ಆಗಿನ ರೂಢಿಯಂತೆ ರಚನೆಯೆಲ್ಲ ಮುಗಿದ ಬಳಿಕ ಕೃತಿಯು ಪರೀಕ್ಷಕನ ಕೈಸೇರುತ್ತಿದ್ದಿತು; ಅವನು ತೀರ್ಪುಗಾರನಂತೆ ಬೇರೆಯೇ ಕುಳಿತಿರುತ್ತಿದ್ದನು.

2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ಸಂಸ್ಥಾನದ ಸ್ನೋಬರ್ಡಿನಲ್ಲಿ 17 ಮಂದಿ ಸೇರಿ ‘ಅಜೈಲ್’ ಎಂಬ ಕಾರ್ಯಪದ್ಧತಿಯ ಪ್ರಣಾಳಿಕೆಯನ್ನು ಹೊರಡಿಸಿದ ಮೇಲೆ ಈ ದೂರವು ಕುಗ್ಗುತ್ತ ಬಂದಿತು. ಕೆಲವೇ ವಾರಗಳಿಗೊಮ್ಮೆ ಕೃತಿಯನ್ನು ಒಪ್ಪಿಸಬೇಕಾದಲ್ಲಿ ಕಡೆಯವರೆಗೆ ಕಾಯುವವನಿಗೆ ಎಡೆಯೆಲ್ಲಿ? ಅವನು ರಚನಕಾರರ ನಡುವೆಯೇ ಕುಳಿತು, ಬರೆಹಕ್ಕೆ ಮೊದಲೇ ಪ್ರಶ್ನಿಸಬೇಕಾಯಿತು. ಪದೇ ಪದೇ ನಡೆಸತಕ್ಕ ಪರೀಕ್ಷೆಗಳನ್ನು ಯಂತ್ರಕ್ಕೇ ವಹಿಸಲು ಕಲಿಯಬೇಕಾಯಿತು.

ಆದರೆ ಜೊತೆಗಾರನಾದವನು ನಿಷ್ಠುರನಾಗಿ ಉಳಿದಾನೇ? ಶಂಕೆ ಸಣ್ಣದಲ್ಲ. ಆ 17 ಮಂದಿಯಲ್ಲೊಬ್ಬರಾದ ಬ್ರಯನ್ ಮ್ಯಾರಿಕರು 2003ರಲ್ಲಿ ರಚನೆಗೆ ನೆರವಾಗುವ ಪರೀಕ್ಷೆಗಳನ್ನು ಒಂದು ಕಡೆಗೂ, ಕೃತಿಯನ್ನು ವಿಮರ್ಶಿಸುವ ಪರೀಕ್ಷೆಗಳನ್ನು ಇನ್ನೊಂದು ಕಡೆಗೂ ಇರಿಸಿ, ಎರಡಕ್ಕೂ ಸ್ಥಾನವನ್ನು ಕಲ್ಪಿಸಿದರು.