ತಂದೆಯ ಮಂಚಕ್ಕೆ ಊರಿದ ಮೊಣಕೈ

1564ರಲ್ಲಿ ರಷ್ಯದ ತ್ಸಾರ್ ನಾಲ್ಕನೆಯ ಇವಾನ್, ಲಿಥುವೇನಿಯಕ್ಕೆ ಓಡಿಹೋದ ತನ್ನ ಸೇನಾನಿ ಆಂದ್ರೇ ಕುರ್ಬ್‌ಸ್ಕಿಗೆ ಉದ್ದನೆಯ ಪತ್ರವೊಂದನ್ನು ಬರೆದ. ರಾಜಧರ್ಮ, ದ್ರೋಹ, ದೇವರು ಎಂದು ವಾದಿಸುತ್ತಿದ್ದವನ ಬರಹದೊಳಗೆ ಬಾಲ್ಯದ ಸಂಕಟ ನುಗ್ಗಿಬರುತ್ತದೆ. ತಾನೂ ತಮ್ಮ ಯೂರಿಯೂ ಆಡುತ್ತಿದ್ದಾಗ ಇವಾನ್ ಶೂಯ್‌ಸ್ಕಿ ಎಂಬ ಸರದಾರ ಬೆಂಚಿನ ಮೇಲೆ ಕೂತು, ತೀರಿಹೋದ ತಂದೆಯ ಮಂಚಕ್ಕೆ ಮೊಣಕೈ ಊರಿ, ಕಾಲು ಎತ್ತಿಟ್ಟುಕೊಂಡಿದ್ದನಂತೆ. ಮಕ್ಕಳ ಕಡೆ ತಿರುಗಿಯೂ ನೋಡಲಿಲ್ಲವಂತೆ. ಹೊಟ್ಟೆಗೂ ಬಟ್ಟೆಗೂ ಪರದಾಡಿದ್ದನ್ನೂ ಅವನು ಬರೆಯುತ್ತಾನೆ. ಆಗ ಅವನಿಗೆ 33 ವರ್ಷ; ಆ ಮೊಣಕೈಯನ್ನು ಇನ್ನೂ ಮರೆತಿರಲಿಲ್ಲ.

ಈ ಪತ್ರ ನಿಜವಾಗಿಯೂ ಇವಾನನದೇ ಎಂದು 1971ರಲ್ಲಿ ಎಡ್ವರ್ಡ್ ಕೀನನ್ ಎಂಬ ಇತಿಹಾಸಕಾರ ಪ್ರಶ್ನೆ ಎತ್ತಿದ. ಹೆಚ್ಚಿನ ವಿದ್ವಾಂಸರು ಅವನ ಮಾತನ್ನು ಒಪ್ಪಲಿಲ್ಲ.

ಇವಾನ್ ಪಟ್ಟಕ್ಕೆ ಬಂದದ್ದು 1533ರಲ್ಲಿ, ಮೂರು ವರ್ಷದ ಕೂಸಾಗಿ. 1538ರಲ್ಲಿ ತಾಯಿ ಎಲೆನಾ ತೀರಿಕೊಂಡಳು. ವಿಷವಿಕ್ಕಿದರೆಂಬ ಗುಮಾನಿ ಅಂದಿನಿಂದಲೂ ಇದೆ. ಕೆಲವೇ ದಿನಗಳಲ್ಲಿ ಅವನನ್ನು ಸಾಕಿದ ದಾದಿಯನ್ನು ಸನ್ಯಾಸಿನಿಯರ ಮಠಕ್ಕೆ ಅಟ್ಟಲಾಯಿತು. ಬೊಯಾರ್ ಸರದಾರರ ಬಣಗಳು ಅರಮನೆಯೊಳಗೇ ಹೊಡೆದಾಡಿದವು. 1543ರಲ್ಲಿ ಹುಡುಗನಿಗೆ ಬೇಕಾಗಿದ್ದ ಫ್ಯೋದರ್ ವೊರೊಂತ್ಸೊವ್‌ನನ್ನು ಅವನ ಕಣ್ಣೆದುರೇ ಹಿಡಿದು ಬಡಿದರು. ಸಭೆ ಸಮಾರಂಭಗಳಲ್ಲಿ ಅಡ್ಡಬೀಳುತ್ತಿದ್ದವರೂ ಇದೇ ಜನ. ಹೊರಗೆ ದೊರೆ, ಒಳಗೆ ಯಾರಿಗೂ ಬೇಡದ ಮಗು: ಈ ಎರಡರ ನಡುವಿನ ಅಂತರವೇ ಬಡತನಕ್ಕಿಂತ ಹೆಚ್ಚಾಗಿ ಅವನನ್ನು ಕೆಡಿಸಿರಬೇಕು.

ಅದೇ ವರ್ಷದ ಡಿಸೆಂಬರಿನಲ್ಲಿ 13 ವರ್ಷದ ಇವಾನ್, ಅದೇ ಶೂಯ್‌ಸ್ಕಿ ಮನೆತನದ ಆಂದ್ರೇಯನ್ನು ಬೇಟೆನಾಯಿಗಳ ಆಳುಗಳ ಕೈಗೆ ಒಪ್ಪಿಸಿ ಕೊಲ್ಲಿಸಿದ.

ಮುಂದಿನ ಕ್ರೌರ್ಯದಲ್ಲಿ ಗಮನಿಸಬೇಕಾದದ್ದು ಅದರ ರೀತಿ. ಬರೀ ಕೊಂದರೆ ಅವನಿಗೆ ತೃಪ್ತಿಯಿರಲಿಲ್ಲ, ಮೊದಲು ಮಾನ ಕಳೆಯಬೇಕಿತ್ತು. ಅವನ ಆಸ್ಥಾನದಲ್ಲಿದ್ದ ಆಲ್ಬರ್ಟ್ ಶ್ಲಿಖ್ಟಿಂಗ್ ಬರೆದಿರುವಂತೆ, 1568ರಲ್ಲಿ ಹಿರಿಯ ಬೊಯಾರ್ ಇವಾನ್ ಫ್ಯೋದೊರೊವ್‌ಗೆ ರಾಜಪೋಷಾಕು ತೊಡಿಸಿ, ಸಿಂಹಾಸನದಲ್ಲಿ ಕೂರಿಸಿ, ತಾನೇ ಅಡ್ಡಬಿದ್ದು, ಆಮೇಲೆ ಚೂರಿಯಿಂದ ಇರಿದ. 1570ರಲ್ಲಿ ನವ್‌ಗೊರೋದ್ ನಗರವನ್ನು ಸೂರೆಮಾಡಿದಾಗ ಅಲ್ಲಿನ ಆರ್ಚ್‌ಬಿಷಪ್ ಪಿಮೆನ್‌ನನ್ನು ಹೆಣ್ಣುಕುದುರೆಯ ಮೇಲೆ ಕೂರಿಸಿ, ಅದೇ ನಿನ್ನ ಹೆಂಡತಿ ಎಂದು ಆಡಿಕೊಂಡನಂತೆ. ತಂದೆಯ ಕೋಣೆಯಲ್ಲಿ ಕಲಿತ ಪಾಠವನ್ನು ಅವನು ನೂರು ಪಟ್ಟು ಮಾಡಿ ಒಪ್ಪಿಸುತ್ತಿದ್ದ.

ಕೊನೆಗಾಲದಲ್ಲಿ ಇವಾನ್ ತಾನು ಕೊಲ್ಲಿಸಿದವರ ಪಟ್ಟಿ ಮಾಡಿಸಿ, ಅವರ ಆತ್ಮಗಳಿಗಾಗಿ ಪ್ರಾರ್ಥಿಸಿರೆಂದು ಹಣದೊಂದಿಗೆ ಮಠಗಳಿಗೆ ಕಳಿಸಿದ. ಅದರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನರಿದ್ದಾರೆ. ಹುಡುಗನಿಗೆ ಶೂಯ್‌ಸ್ಕಿಗಳು ಮಾಡಿದ್ದು ಅನ್ಯಾಯ, ನಿಜ. ನವ್‌ಗೊರೋದ್‌ನ ಸಾಮಾನ್ಯ ಜನ ಅವನಿಗೆ ಏನೂ ಮಾಡಿರಲಿಲ್ಲ.