ಸಮುದ್ರ ದಾಟಿ ಯಲ್ಲಾಪುರದ ಕಾಡಿಗೆ

ಹಬಶಾದ ಹಿಜ್‌ರಾ ನಮ್ಮ ಜುಮಾ ಖುತ್ಬಾಗಳಲ್ಲಿ ಆಗಾಗ ಬರುವ ಚರಿತ್ರೆ. ಪ್ರವಾದಿತ್ವದ ಐದನೇ ವರ್ಷ, ಅಂದರೆ ಕ್ರಿ.ಶ. 615ರಲ್ಲಿ, ಮಕ್ಕಾದವರ ಹಿಂಸೆ ತಾಳಲಾರದೆ 11 ಮಂದಿ ಗಂಡಸರು, 4 ಮಂದಿ ಹೆಂಗಸರು ಗುಟ್ಟಾಗಿ ಊರು ಬಿಟ್ಟರು. ಶುಐಬಾ ರೇವಿನಲ್ಲಿ ಎರಡು ವ್ಯಾಪಾರಿ ಹಡಗುಗಳು ಸಿಕ್ಕವು. ಬಾಡಿಗೆ ಅರ್ಧ ದೀನಾರ್. ಪ್ರವಾದಿಯವರ(ಸ) ಮಗಳು ಹ. ರುಖಯ್ಯಾ(ರ) ಮತ್ತು ಅಳಿಯ ಹ. ಉಸ್ಮಾನ್(ರ) ಆ ಗುಂಪಿನಲ್ಲಿದ್ದರು. ಕೆಂಪು ಸಮುದ್ರದ ಆಚೆಯ ದಡದಲ್ಲಿ ಭಾಷೆ ಬೇರೆ, ಧರ್ಮ ಬೇರೆ. ಆದರೂ ದೊರೆ ನಜ್ಜಾಶಿಯ ನೆರಳಿನಲ್ಲಿ ಅವರಿಗೆ ನೆಮ್ಮದಿ ದೊರಕಿತು.

ಅದೇ ಆಫ್ರಿಕಾ ಖಂಡದಿಂದ ಸಮುದ್ರ ದಾಟಿ ನಮ್ಮ ಮಗ್ಗುಲಿಗೇ ಬಂದವರ ಚರಿತ್ರೆಯನ್ನು ನಾವು ಮಿಂಬರಿನಿಂದ ಹೇಳುವುದು ಕಡಿಮೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೋಯಿಡಾ, ನಮ್ಮ ಶಿರಸಿ ತಾಲ್ಲೂಕು, ಆಚೆ ಕಲಘಟಗಿ ಮತ್ತು ಖಾನಾಪುರದವರೆಗೂ ಹರಡಿರುವ ಸಿದ್ದಿಗಳ ಕತೆ ಅದು. ಶಿರಸಿ ಪೇಟೆಯಲ್ಲಿ, ಯಲ್ಲಾಪುರದ ಬಸ್ ನಿಲ್ದಾಣದಲ್ಲಿ ದಿನವೂ ಅವರನ್ನು ನೋಡುತ್ತೇವೆ. ಹೇಗೆ ಬಂದರು ಎಂದು ಕೇಳಿದವರು ನಮ್ಮಲ್ಲಿ ಎಷ್ಟು ಜನ?

ಅವರ ಹಿರಿಯರು ತಾವಾಗಿ ಹೊರಟವರಲ್ಲ. ಪೂರ್ವ ಆಫ್ರಿಕಾದ ಒಳನಾಡಿನಲ್ಲಿ ಹಿಡಿದು ಕರಾವಳಿಗೆ ನಡೆಸಿಕೊಂಡು ಬಂದು ಮಾರಿದವರು ಹಲವರು. ಮೊಜಾಂಬಿಕ್‌ನಿಂದ ಹಡಗು ಹೊರಡಲು ನೈರುತ್ಯ ಗಾಳಿ ಬೇಕು, ನಮಗೆ ಮುಂಗಾರು ತರುವ ಅದೇ ಗಾಳಿ. ಅದಕ್ಕಾಗಿ ದಡದಲ್ಲಿ ಕಾಯಬೇಕು. ಆಮೇಲೆ ಸಾಮಾನಿನ ಜತೆ ಸಾಮಾನಾಗಿ ವಾರಗಟ್ಟಲೆ ಪ್ರಯಾಣ. ದಾರಿಯಲ್ಲಿ ಸತ್ತವರನ್ನು ಸಮುದ್ರಕ್ಕೆ ಹಾಕುತ್ತಿದ್ದರು. ಬದುಕಿ ಉಳಿದವರಿಗೆ ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಯಾರು ಹೇಳಿದ್ದರು?

ಪೋರ್ಚುಗೀಸರು ಗೋವಾವನ್ನು ಗೆದ್ದದ್ದು 1510ರಲ್ಲಿ. 1583ರಲ್ಲಿ ಅಲ್ಲಿಗೆ ಬಂದ ಡಚ್ ಪ್ರವಾಸಿ ಲಿನ್‌ಸ್ಕೋಟನ್, ಊರಿನ ದೊಡ್ಡ ಬೀದಿಯಲ್ಲಿ ನಡೆಯುತ್ತಿದ್ದ ಹರಾಜನ್ನು ವಿವರಿಸಿದ್ದಾನೆ. ಕುದುರೆ, ಬಟ್ಟೆ, ಒಡವೆಗಳ ಜತೆಗೆ ಮನುಷ್ಯರೂ ಅಲ್ಲಿ ಮಾರಾಟಕ್ಕಿದ್ದರು. ಕೊಂಡವನು ದೀಕ್ಷಾಸ್ನಾನ ಮಾಡಿಸಿ ಹೊಸ ಹೆಸರು ಇಡಿಸುತ್ತಿದ್ದ. ತಾಯಿ ಕರೆಯುತ್ತಿದ್ದ ಹೆಸರು ಅಲ್ಲಿಗೆ ಮುಗಿಯಿತು.

ಆದರೆ ಗೋವಾ ಅವರ ಕೊನೆಯ ನಿಲ್ದಾಣವಾಗಲಿಲ್ಲ. ಒಡೆಯರ ಕಾಟ ತಾಳಲಾರದವರು ರಾತ್ರೋರಾತ್ರಿ ಓಡಿದರು. ಪಶ್ಚಿಮಕ್ಕೆ ಸಮುದ್ರ, ಮರಳಿ ಹೋಗಲು ಹಡಗಿಲ್ಲ. ಉಳಿದದ್ದು ಪೂರ್ವಕ್ಕೆ ಘಟ್ಟ. ಘಟ್ಟ ಹತ್ತಿದರೆ ಪೋರ್ಚುಗೀಸರ ಅಧಿಕಾರ ನಡೆಯದು, ಬೇರೆ ಅರಸರ ಸೀಮೆ. ಸೂಪಾ, ಹಳಿಯಾಳ, ಯಲ್ಲಾಪುರದ ಕಾಡುಗಳಲ್ಲಿ ಜಿಗಣೆ, ಹುಲಿ, ಮಳೆಗಾಲದ ಚಳಿಜ್ವರ ಎಲ್ಲವೂ ಇದ್ದವು. ಒಡೆಯನೊಬ್ಬ ಇರಲಿಲ್ಲ, ಅಷ್ಟೇ. ನನ್ನ ಮಟ್ಟಿಗೆ ಹೇಳುವುದಾದರೆ, ಅವರು ಈ ದೇಶಕ್ಕೆ ನಿಜವಾಗಿ ಬಂದು ತಲುಪಿದ್ದು ಗೋವಾದ ರೇವಿನಲ್ಲಲ್ಲ, ಈ ಘಟ್ಟದ ತಲೆಯಲ್ಲಿ. ಬ್ರಿಟಿಷ್ ಭಾರತದಲ್ಲಿ ಗುಲಾಮಗಿರಿಗೆ ಕಾನೂನಿನ ಬೆಂಬಲ ತಪ್ಪಿದ್ದು 1843ರಲ್ಲಿ. ಅಲ್ಲಿಯವರೆಗೆ ಕಾಡೇ ಅವರ ಕಾನೂನು.

ಇಲ್ಲಿ ಕೆಲವರು ಮಲಿಕ್ ಅಂಬರ್‌ನನ್ನು ನೆನೆಯುತ್ತಾರೆ. ಹಬಶಾದಲ್ಲಿ ಹುಟ್ಟಿ, ಬಾಲ್ಯದಲ್ಲೇ ಮಾರಾಟವಾಗಿ, ಬಗ್ದಾದ್ ದಾಟಿ ದಖ್ಖನಿಗೆ ಬಂದು, ಅಹ್ಮದ್‌ನಗರ ರಾಜ್ಯದ ಆಡಳಿತವನ್ನೇ ಕೈಗೆ ತೆಗೆದುಕೊಂಡು ಮೊಗಲರನ್ನು ತಡೆದ ಧೀರ. ತೀರಿಕೊಂಡದ್ದು 1626ರಲ್ಲಿ. ಬಿಜಾಪುರದ ಆದಿಲ್‌ಶಾಹಿಯಲ್ಲೂ ಹಬಶಿ ಸರದಾರರು ದೊಡ್ಡ ಹುದ್ದೆಗಳಲ್ಲಿದ್ದರು. ಅಭಿಮಾನ ಪಡಬೇಕಾದದ್ದೇ. ಆದರೆ ಅಂಬರ್‌ನ ಹೆಸರು ಹೇಳಿ ಸಿದ್ದಿಗಳ ನೋವನ್ನು ಮುಚ್ಚುವುದು ಸರಿಯಲ್ಲ. ಒಬ್ಬ ಅಂಬರ್ ಮೇಲೆ ಬಂದರೆ ಹೆಸರಿಲ್ಲದೆ ಹೋದವರು ಸಾವಿರಾರು. ಆ ವ್ಯಾಪಾರದಲ್ಲಿ ಪೋರ್ಚುಗೀಸರು ಮಾತ್ರವಲ್ಲ, ಕಲಿಮಾ ಹೇಳುವ ವ್ಯಾಪಾರಿಗಳೂ ಪಾಲುದಾರರಾಗಿದ್ದರು ಎಂಬುದನ್ನೂ ಹೇಳದಿದ್ದರೆ ಚರಿತ್ರೆ ಅರ್ಧವಾಗುತ್ತದೆ. ಗುಲಾಮರನ್ನು ಬಿಡುಗಡೆ ಮಾಡುವುದನ್ನು ದೊಡ್ಡ ಪುಣ್ಯವೆಂದು ಕಲಿಸಿದ ದೀನಿನ ಹೆಸರಿದ್ದವರು ಅವರು.

ಇನ್ನೊಂದು ಮಾತು. ಸಿದ್ದಿಗಳೆಲ್ಲ ಹ. ಬಿಲಾಲರ(ರ) ನಾಡಿನವರು ಎನ್ನುವುದು ಪ್ರೀತಿಯ ಮಾತು. ಆದರೆ ‘ಹಬಶಿ’ ಎಂಬ ಹೆಸರನ್ನು ನಮ್ಮ ದೇಶದಲ್ಲಿ ಆಫ್ರಿಕಾದವರಿಗೆಲ್ಲ ಬಳಸಿದರು. ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳೂ ಸೇರಿ ಮಾಡಿದ, 2011ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವು ಅವರ ಆಫ್ರಿಕನ್ ಮೂಲವನ್ನು ಬಂಟು ಭಾಷಿಕ ಜನರಲ್ಲಿ ಗುರುತಿಸಿತು. ‘ಸಿದ್ದಿ’ ಎಂಬ ಹೆಸರು ಅರಬಿಯ ‘ಸಯ್ಯಿದೀ’, ಅಂದರೆ ‘ನನ್ನ ಒಡೆಯ’ ಎಂಬುದರಿಂದ ಬಂತು ಎಂದು ಹೆಚ್ಚಿನವರ ಅಭಿಪ್ರಾಯ. ಮಾರಾಟವಾದವರಿಗೆ ಒಡೆಯನ ಹೆಸರು!

ತಾಯ್ನುಡಿ ಉಳಿಯಲಿಲ್ಲ. ಹಿಂದೂ, ಕ್ರೈಸ್ತ ಸಿದ್ದಿಗಳು ಮನೆಯಲ್ಲಿ ಕೊಂಕಣಿ ಆಡಿದರೆ ಮುಸ್ಲಿಮ್ ಸಿದ್ದಿಗಳು ಉರ್ದು ಆಡುತ್ತಾರೆ. ಕನ್ನಡ ಎಲ್ಲರಿಗೂ ಬರುತ್ತದೆ. ಧರ್ಮ ಮೂರಾದರೂ ತಾವು ಒಂದೇ ಜನ ಎಂಬ ಭಾವನೆ ಬಿಟ್ಟಿಲ್ಲ. ಡಮಾಮಿಯ ಬಡಿತ ಉಳಿದಿದೆ. ಹಳೆಯ ಸೀರೆ, ಅಂಗಿಯ ತುಂಡುಗಳನ್ನು ಅಂಚಿನಿಂದ ಒಳಕ್ಕೆ ಹೊಲಿಯುತ್ತಾ ಹೋಗುವ ಕೌದಿ ಉಳಿದಿದೆ. ನಾಲ್ಕು ಮೂಲೆಗೆ ಬಟ್ಟೆಯ ಹೂವು ಇಡದಿದ್ದರೆ ಕೌದಿ ಮುಗಿದಂತಲ್ಲ ಎನ್ನುತ್ತಾರೆ ಅವರ ಹೆಂಗಸರು.

ಹಬಶಾದ ದರ್ಬಾರಿನಲ್ಲಿ ಏನಾಯಿತು ನೋಡಿ. ಖುರೈಷರು ಚರ್ಮದ ಉಡುಗೊರೆ ಹೊತ್ತು ಬಂದು ಇವರನ್ನು ಮರಳಿ ಒಪ್ಪಿಸಿ ಎಂದರು. ನಜ್ಜಾಶಿ ಒಪ್ಪಲಿಲ್ಲ; ಮೊದಲು ಅವರ ಮಾತು ಕೇಳುತ್ತೇನೆ ಎಂದ. ಹ. ಜಅಫರ್(ರ) ಎದ್ದು ನಿಂತು ಮಾತಾಡಿದರು, ಸೂರಃ ಮರ್ಯಮ್ ಓದಿದರು, ದೊರೆ ಅತ್ತ. ಅಷ್ಟಾದರೂ ಪರದೇಶ ಪರದೇಶವೇ. ಖೈಬರ್ ವಿಜಯದ ಹೊತ್ತಿಗೆ ಮರಳಿ ಬಂದ ಹ. ಅಸ್ಮಾ ಬಿಂತಿ ಉಮೈಸ್‌ರಿಗೆ(ರ), ಹಿಜ್‌ರಾದಲ್ಲಿ ನಾವೇ ಮುಂದು ಎಂದು ಹ. ಉಮರ್(ರ) ಹೇಳಿದಾಗ ಆಕೆ ಸಿಟ್ಟಾದರು. ದೂರದ ನೆಲದಲ್ಲಿ ನಾವು ಪಟ್ಟ ಭಯ ನಿಮಗೇನು ಗೊತ್ತು ಎಂಬುದು ಅವರ ವಾದ. ಹಡಗಿನವರಿಗೆ ಎರಡು ಹಿಜ್‌ರಾದ ಪುಣ್ಯ ಎಂದು ಪ್ರವಾದಿಯವರು(ಸ) ಆಕೆಯ ಪರವಾಗಿ ತೀರ್ಪು ಕೊಟ್ಟರು.

ನಮ್ಮ ಘಟ್ಟದ ಮೇಲೆ ಸಿದ್ದಿಗಳ ಮಾತು ಕೇಳಿದ ದೊರೆ ಇರಲಿಲ್ಲ. ಅಡಿಕೆ ತೋಟದ ಕೂಲಿ, ಸಾಲಕ್ಕೆ ಜೀತ, ಕಾಡಿನ ಜೇನು, ಇಷ್ಟರಲ್ಲೇ ತಲೆಮಾರುಗಳು ಕಳೆದವು. ಮಸ್ಜಿದ್‌ನ ಸಫ್‌ನಲ್ಲಿ ಅವರ ಭುಜಕ್ಕೆ ಭುಜ ಕೊಟ್ಟು ನಿಲ್ಲುತ್ತೇವೆ, ಅಲ್‌ಹಮ್ದುಲಿಲ್ಲಾಹ್. ಮಗಳಿಗೆ ವರ ಹುಡುಕುವಾಗ ಆ ಕಡೆ ತಿರುಗಿ ನೋಡುವ ಮನೆಗಳು ನಮ್ಮಲ್ಲಿ ತೀರಾ ಕಡಿಮೆ.

2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. ಈ ಪಟ್ಟಿಗೆ ಧರ್ಮದ ಗಡಿ ಇಲ್ಲವಾದ್ದರಿಂದ ಮೂರೂ ಧರ್ಮದವರಿಗೆ ಅದು ದಕ್ಕಿತು. ಆದರೆ ಜಿಲ್ಲೆಯ ಗಡಿ ಇತ್ತು. ಅಣ್ಣ ಮುಂಡಗೋಡದಲ್ಲಿ, ತಮ್ಮ ಕಲಘಟಗಿಯಲ್ಲಿದ್ದರೆ ಅಣ್ಣನ ಮಕ್ಕಳಿಗೆ ಸಿಗುವುದು ತಮ್ಮನ ಮಕ್ಕಳಿಗೆ ಇಲ್ಲ. ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳು ಇನ್ನೂ 17 ವರ್ಷ ಕಾದು, 2020ರಲ್ಲಿ ಸಂಸತ್ತು ತಿದ್ದುಪಡಿ ತಂದ ಮೇಲೆ ಪಟ್ಟಿಗೆ ಸೇರಿದರು. ಅದೇ ವರ್ಷ ಯಲ್ಲಾಪುರ ತಾಲ್ಲೂಕಿನ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಕರ್ನಾಟಕದ ಶಾಸನಸಭೆಯೊಳಗೆ ಕಾಲಿಟ್ಟ ಮೊದಲ ಸಿದ್ದಿ ಅವರೇ.