ಕಾಳು ಹಾಕಿದರು, ಲೆಕ್ಕ ಇಡಲಿಲ್ಲ

ರಾಗಿಯ ರಾಶಿಯನ್ನು ಮನೆಗೆ ಸಾಗಿಸಿದ ಮೇಲೂ ಕಣದಲ್ಲಿ ಒಂದಷ್ಟು ಕಾಳು ಉಳಿಯುತ್ತದೆ. ರಾಗಿ ಸೀಮೆಯ ಹಳೆಯ ರೈತ ಮನೆಗಳಲ್ಲಿ ಅದನ್ನು ಕೊನೆಯ ಹಿಡಿಯವರೆಗೆ ಗುಡಿಸಿ ತರುತ್ತಿರಲಿಲ್ಲ. ಅದು ಗುಬ್ಬಚ್ಚಿ, ಬೆಳವ, ರಾಟವಾಳಗಳ ಪಾಲು. ಅಂಗಳದಲ್ಲಿ ಕೇರುವಾಗ ಮೊರದಿಂದ ಸಿಡಿದ ನುಚ್ಚು, ಹಿತ್ತಲಲ್ಲಿ ಪಾತ್ರೆ ತೊಳೆದಾಗ ಉಳಿದ ಅಗುಳು, ಬಾವಿಕಟ್ಟೆಯ ಹಳ್ಳದಲ್ಲಿ ನಿಂತ ನೀರು ಎಲ್ಲಕ್ಕೂ ರೆಕ್ಕೆಯ ಗಿರಾಕಿಗಳಿದ್ದರು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಹಿರಿಯರನ್ನು ಮಾತಿಗೆಳೆದರೆ ‘ಆಗೆಲ್ಲ ಗುಬ್ಬಿಗಳು ಮನೆ ತುಂಬ ಇರುತ್ತಿದ್ದವು’ ಎನ್ನುವವರೇ ಹೆಚ್ಚು. ‘ತುಂಬ’ ಎಂದರೆ ಎಷ್ಟು? ಹತ್ತೇ, ನೂರೇ? ಯಾವ ವರ್ಷದಿಂದ ಕಡಿಮೆಯಾದವು? ಈ ಪ್ರಶ್ನೆಗಳಿಗೆ ಉತ್ತರವಿಲ್ಲ. ಹಕ್ಕಿಗೆ ಅನ್ನ ಹಾಕುವ ಪದ್ಧತಿ ನಮ್ಮಲ್ಲಿ ಬಹು ಪುರಾತನವಾದದ್ದು. ಆದರೆ ಬಂದು ಉಂಡುಹೋದ ಹಕ್ಕಿಗಳೆಷ್ಟು ಎಂದು ಬರೆದಿಡುವ ಪದ್ಧತಿ ಬೆಳೆಯಲಿಲ್ಲ. ಅದರ ನಷ್ಟವೇನೆಂಬುದು ಈಗ ತಿಳಿಯುತ್ತಿದೆ.

ಅನ್ನದಲ್ಲಿ ಒಂದು ಪಾಲು

ಗೃಹಸ್ಥ ನಿತ್ಯ ಮಾಡಬೇಕಾದ ಪಂಚ ಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದು. ಮನೆಯಲ್ಲಿ ಬೆಂದ ಅನ್ನದ ಒಂದು ಪಾಲನ್ನು ಪ್ರಾಣಿ ಪಕ್ಷಿಗಳಿಗೆ ಇಡಬೇಕೆಂಬುದು ಅದರ ತಿರುಳು. ಶಾಸ್ತ್ರದ ಹೆಸರು ತಿಳಿಯದ ಮನೆಗಳಲ್ಲೂ ಆಚರಣೆ ಇತ್ತು. ಮಹಾಲಯ ಅಮಾವಾಸ್ಯೆಯಂದು ಕಾಗೆ ಬಂದು ಎಡೆ ಮುಟ್ಟುವವರೆಗೆ ಮನೆಯವರು ಊಟಕ್ಕೆ ಕೂರದೆ ಕಾಯುವುದು ಇಂದಿಗೂ ಅನೇಕ ಕಡೆ ಉಳಿದಿದೆ. ಅಕ್ಕಿ ಹಿಟ್ಟಿನ ರಂಗೋಲಿ ಇರುವೆ, ಗುಬ್ಬಿಗಳಿಗೆ ಆಹಾರವಾಗುತ್ತಿತ್ತು. ಭತ್ತ ಬೆಳೆಯುವ ಊರುಗಳಲ್ಲಿ ಹೊಸ ತೆನೆಯ ಗೊಂಚಲನ್ನು ಜಗುಲಿಯ ತೊಲೆಗೆ ತೂಗುಹಾಕುತ್ತಿದ್ದರು.

ಹಾಗೆಂದು ರೈತ ಹಕ್ಕಿಗಳಿಗೆ ಹೊಲವನ್ನೇ ಬಿಟ್ಟುಕೊಟ್ಟಿದ್ದನೆಂದು ಭಾವಿಸಬೇಕಾಗಿಲ್ಲ. ತೆನೆ ಹಾಲುಗಟ್ಟುವ ಕಾಲಕ್ಕೆ ಅಟ್ಟಣೆ ಏರಿ, ಕವಣೆ ಬೀಸಿ, ತಗಡು ಬಡಿದು ಗಿಳಿಗಳನ್ನು ಓಡಿಸುತ್ತಿದ್ದವನೂ ಅವನೇ. ಬೆದರುಬೊಂಬೆಯೂ ಒಂದೇ, ಕಣದ ಅಂಚಿನ ಕಾಳೂ ಒಂದೇ ಕೈಯ ಕೆಲಸ. ರಾಗಿಯ ನಡುವೆ ಅವರೆ, ತೊಗರಿ, ಸಾಸಿವೆ, ಹುಚ್ಚೆಳ್ಳು, ಜೋಳವನ್ನು ಅಕ್ಕಡಿ ಸಾಲಾಗಿ ಹಾಕುತ್ತಿದ್ದ ಕಾಲದಲ್ಲಿ ಎತ್ತರದ ಜೋಳದ ದಂಟಿನ ಮೇಲೆ ಕೂತ ಕಾಜಾಣ, ಮೈನಾಗಳು ಹೊಲದ ಹುಳುಗಳನ್ನೂ ಹೆಕ್ಕುತ್ತಿದ್ದವು. ಹಕ್ಕಿ ಕಳ್ಳನೂ ಹೌದು, ಕೂಲಿಯಾಳೂ ಹೌದು ಎಂಬುದು ಒಕ್ಕಲು ಮಕ್ಕಳಿಗೆ ಗೊತ್ತಿತ್ತು.

ಅವರಿಗೆ ಹಕ್ಕಿಗಳ ಗುರುತು ಚೆನ್ನಾಗಿಯೇ ಇತ್ತು. ಪಿಕಳಾರ, ಮಡಿವಾಳ, ಗೊರವಂಕ, ಗೀಜಗ, ಕೆಂಬೂತ, ಹಾಲಕ್ಕಿ, ಸೂರಕ್ಕಿ, ಟಿಟ್ಟಿಭ ಎಂಬ ಹೆಸರುಗಳೇ ಇದಕ್ಕೆ ಸಾಕ್ಷಿ. ಹೆಸರಿಟ್ಟವರು ಸಂಖ್ಯೆ ಬರೆಯಲಿಲ್ಲ. ದಿನವೂ ಕಾಣುವುದನ್ನು ಎಣಿಸುವ ಅಗತ್ಯ ಯಾರಿಗೂ ತೋರಲಿಲ್ಲ.

ಪಟ್ಟಿಯಿಂದ ಎಣಿಕೆಗೆ

ದಕ್ಷಿಣ ಭಾರತದ ಹಕ್ಕಿಗಳನ್ನು ಕಾಗದದ ಮೇಲೆ ತಂದವರಲ್ಲಿ ಮದರಾಸು ಸೇನೆಯ ವೈದ್ಯ ಟಿ. ಸಿ. ಜೆರ್ಡನ್ ಪ್ರಮುಖ. 1862ರಿಂದ 1864ರ ನಡುವೆ ಪ್ರಕಟವಾದ ಅವನ ‘ದಿ ಬರ್ಡ್ಸ್ ಆಫ್ ಇಂಡಿಯಾ’ ಬಹುಕಾಲ ಆಧಾರ ಗ್ರಂಥವಾಗಿತ್ತು. ಹಳದಿ ಕೊರಳಿನ ಪಿಕಳಾರವನ್ನು 1845ರಲ್ಲಿ ಶಾಸ್ತ್ರಲೋಕಕ್ಕೆ ಪರಿಚಯಿಸಿದವನೂ ಅವನೇ. ದಕ್ಷಿಣದ ಬಂಡೆಗುಡ್ಡಗಳ ಕುರುಚಲು ಕಾಡನ್ನು ಬಿಟ್ಟು ಬೇರೆಲ್ಲೂ ಬಾಳದ ಈ ಹಕ್ಕಿ ನಂದಿಬೆಟ್ಟದಲ್ಲಿ ಇಂದಿಗೂ ಕಾಣಸಿಗುತ್ತದೆ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅಪಾಯದ ಅಂಚಿನಲ್ಲಿರುವ ಪಕ್ಷಿಗಳ ಸಾಲಿಗೆ ಅದು ಸೇರಿದೆ.

ಮುಂದೆ 1939–40ರಲ್ಲಿ ಸಲೀಂ ಅಲಿ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದರು. ಅದರ ವರದಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕದಲ್ಲಿ ಹೊರಬಂತು. ಇವೆಲ್ಲ ಬಹುಮೂಲ್ಯವಾದ ಕೆಲಸಗಳು. ಆದರೆ ಇವುಗಳ ಮುಖ್ಯ ಪ್ರಶ್ನೆ ‘ಯಾವ ಹಕ್ಕಿ ಎಲ್ಲಿದೆ’ ಎಂಬುದಾಗಿತ್ತು. ‘ಎಷ್ಟಿದೆ, ಕಳೆದ ವರ್ಷಕ್ಕಿಂತ ಹೆಚ್ಚೇ ಕಡಿಮೆಯೇ’ ಎಂಬ ಪ್ರಶ್ನೆಗೆ ಒಬ್ಬ ವಿದ್ವಾಂಸನ ಒಂದು ಪ್ರವಾಸ ಸಾಲದು. ಅದಕ್ಕೆ ಊರೂರಿನ ಸಾಮಾನ್ಯ ಜನ ಬೇಕು.

ಸಾಮಾನ್ಯ ಜನರ ಎಣಿಕೆ ಶುರುವಾದದ್ದು ಅಮೆರಿಕದಲ್ಲಿ. ಕ್ರಿಸ್‌ಮಸ್ ದಿನ ಹಕ್ಕಿಗಳನ್ನು ಬೇಟೆಯಾಡುವ ಸ್ಪರ್ಧೆಗೆ ಬದಲಾಗಿ ಅವನ್ನು ಎಣಿಸೋಣವೆಂದು ಪಕ್ಷಿತಜ್ಞ ಫ್ರಾಂಕ್ ಚಾಪ್ಮನ್ ಸೂಚಿಸಿದ. 1900ರ ಡಿಸೆಂಬರ್ 25ರಂದು 25 ಸ್ಥಳಗಳಲ್ಲಿ 27 ಮಂದಿ ಎಣಿಸಿದರು. ಬ್ರಿಟನ್ನಿನಲ್ಲಿ 1979ರಿಂದ ಪ್ರತಿ ಜನವರಿಯಲ್ಲಿ ಜನ ತಮ್ಮ ಕೈತೋಟದ ಹಕ್ಕಿಗಳನ್ನು ಒಂದು ಗಂಟೆ ಎಣಿಸಿ ವರದಿ ಕಳಿಸುವ ಪದ್ಧತಿ ಬಂತು. 1998ರಲ್ಲಿ ಅಮೆರಿಕದಲ್ಲಿ ಹಿತ್ತಲ ಹಕ್ಕಿಗಳ ಫೆಬ್ರವರಿ ಎಣಿಕೆ ಆರಂಭವಾಯಿತು. 2013ರಲ್ಲಿ ಅದು ಜಗತ್ತಿಗೆಲ್ಲ ತೆರೆದುಕೊಂಡಾಗ ಭಾರತವೂ ಸೇರಿಕೊಂಡಿತು.

ನಮ್ಮಲ್ಲೂ ತಯಾರಿ ನಡೆದಿತ್ತು. ಜಾಫರ್ ಫತೇಹಲ್ಲಿ ಆರಂಭಿಸಿದ ಪಕ್ಷಿವೀಕ್ಷಕರ ಪುಟ್ಟ ಪತ್ರಿಕೆ 1960ರಿಂದ ಹವ್ಯಾಸಿಗಳ ಟಿಪ್ಪಣಿಗಳನ್ನು ಪ್ರಕಟಿಸುತ್ತಿತ್ತು. 1970ರ ದಶಕದಲ್ಲಿ ಬೆಂಗಳೂರಿನಲ್ಲಿ ಜೋಸೆಫ್ ಜಾರ್ಜ್ ಮೊದಲಾದವರ ಪಕ್ಷಿವೀಕ್ಷಕರ ಕೂಟ ಬೆಳೆಯಿತು. 1987ರಿಂದ ಏಷ್ಯಾದ ಕೆರೆಕುಂಟೆಗಳ ನೀರುಹಕ್ಕಿಗಳನ್ನು ಜನವರಿಯಲ್ಲಿ ಎಣಿಸಲಾಗುತ್ತಿದೆ. ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಪುಸ್ತಕ ಈ ಹವ್ಯಾಸವನ್ನು ಇಂಗ್ಲಿಷ್ ಬಾರದ ಓದುಗರ ಕೈಗೂ ತಲುಪಿಸಿತು.

ಬೆಟ್ಟದ ತೋಟ

ಚಿಕ್ಕಬಳ್ಳಾಪುರದ ನೆರೆಯ ನಂದಿಬೆಟ್ಟವನ್ನು ಪಕ್ಷಿವೀಕ್ಷಕರ ಪಾಠಶಾಲೆ ಎನ್ನಬಹುದು. 1,478 ಮೀಟರ್ ಎತ್ತರದ ಈ ಬೆಟ್ಟದ ತಲೆಯ ಮೇಲಿರುವುದು ತೋಟ ಮತ್ತು ಮರಗಳ ತೋಪು, ಪಕ್ಕದ ಇಳಿಜಾರಿನಲ್ಲಿರುವುದು ಕುರುಚಲು. ಪಶ್ಚಿಮ ಘಟ್ಟಗಳ ನಿವಾಸಿಯಾದ ನೀಲಗಿರಿ ಕಾಡು ಪಾರಿವಾಳ ಘಟ್ಟದಿಂದ ಇಷ್ಟು ದೂರದ ಈ ತೋಪಿನಲ್ಲಿ ನೆಲೆಸಿರುವುದು ಪಕ್ಷಿಪ್ರಿಯರಿಗೆ ಸದಾ ಕುತೂಹಲದ ವಿಷಯ. ಚಳಿಗಾಲದಲ್ಲಿ ಹಿಮಾಲಯದ ಕಡೆಯಿಂದ ಬರುವ ವಲಸೆ ಹಕ್ಕಿಗಳೂ ಇಲ್ಲಿ ತಂಗುತ್ತವೆ. ನಂದಿಬೆಟ್ಟಕ್ಕೆ ಬೆಂಗಳೂರಿನ ವೀಕ್ಷಕರು ದಶಕಗಳಿಂದ ಬರುತ್ತಿರುವುದರಿಂದ ಅಲ್ಲಿಯ ಹಕ್ಕಿಗಳ ಬಗ್ಗೆ ಬರವಣಿಗೆ ಸಾಕಷ್ಟಿದೆ.

ಆದರೆ ಬೆಟ್ಟದ ಕೆಳಗಿನ ಊರುಗಳ ಹಿತ್ತಲಿಗೆ ಆ ಭಾಗ್ಯ ಸಿಕ್ಕಿದ್ದು ವಿರಳ. ಶಿಡ್ಲಘಟ್ಟದ ಹಿಪ್ಪುನೇರಳೆ ತೋಟ, ಚಿಂತಾಮಣಿಯ ಮಾವಿನ ತೋಪು, ಗೌರಿಬಿದನೂರಿನ ಮೆಕ್ಕೆಜೋಳದ ಹೊಲ, ಚಿಕ್ಕಬಳ್ಳಾಪುರದ ದ್ರಾಕ್ಷಿ ಚಪ್ಪರ ಇವೆಲ್ಲ ಹಕ್ಕಿಗಳಿಗೆ ಬೇರೆ ಬೇರೆ ಲೋಕಗಳೇ. ಸೊಪ್ಪಿನಲ್ಲಿ ವಿಷ ಉಳಿದರೆ ಹುಳು ಮನೆಯಲ್ಲಿ ರೇಷ್ಮೆ ಹುಳುಗಳೇ ಸಾಯುತ್ತವೆ. ಆದ್ದರಿಂದ ಹಿಪ್ಪುನೇರಳೆಗೆ ಔಷಧ ಹೊಡೆಯಲು ರೈತ ಹಿಂದೆಮುಂದೆ ನೋಡುತ್ತಾನೆ. ಬದುವಿನಲ್ಲಿ ಮರವಾಗಿ ಬೆಳೆದ ಹಿಪ್ಪುನೇರಳೆಯ ಹಣ್ಣಿಗೆ ಪಿಕಳಾರ, ಕೋಗಿಲೆಗಳು ಬರುತ್ತವೆ. ದ್ರಾಕ್ಷಿಗಾದರೋ ಬಲೆ ಹೊದಿಸಿ ಹಕ್ಕಿಗಳನ್ನು ದೂರವಿಡಬೇಕಾಗುತ್ತದೆ. ಹಾಗಾದರೆ ಹಿಪ್ಪುನೇರಳೆಯ ಊರಿನಲ್ಲಿ ಕೀಟಭಕ್ಷಕ ಹಕ್ಕಿಗಳು ಹೆಚ್ಚಿವೆಯೇ? ಊಹಿಸುವುದು ಸುಲಭ. ನಾಲ್ಕೂ ತಾಲ್ಲೂಕುಗಳ ಮನೆಗಳಲ್ಲಿ ಕೆಲವು ವರ್ಷ ಎಣಿಸಿದರೆ ಮಾತ್ರ ಅದನ್ನು ಖಚಿತವಾಗಿ ಹೇಳಬಹುದು.

ಗುಬ್ಬಚ್ಚಿಯ ಮೊಕದ್ದಮೆ

ಎಣಿಕೆಯ ಬೆಲೆ ತಿಳಿಯಲು ಗುಬ್ಬಚ್ಚಿಗಿಂತ ಒಳ್ಳೆಯ ಉದಾಹರಣೆ ಬೇಡ. ಅದು ಮಾಯವಾಗುತ್ತಿದೆ, ಅದಕ್ಕೆ ಮೊಬೈಲ್ ಗೋಪುರಗಳೇ ಕಾರಣ ಎಂಬ ಮಾತು ಎಲ್ಲೆಡೆ ಹಬ್ಬಿತು. 2010ರಿಂದ ಮಾರ್ಚ್ 20 ವಿಶ್ವ ಗುಬ್ಬಚ್ಚಿ ದಿನವೂ ಆಯಿತು. 2020ರ ಫೆಬ್ರವರಿಯಲ್ಲಿ ಭಾರತದ ಪಕ್ಷಿಗಳ ಸ್ಥಿತಿಗತಿಯ ಮೊದಲ ವರದಿ ಹೊರಬಂತು. 15,500ಕ್ಕೂ ಹೆಚ್ಚು ವೀಕ್ಷಕರು ಕಳುಹಿಸಿದ ಒಂದು ಕೋಟಿಗೂ ಮಿಕ್ಕಿದ ದಾಖಲೆಗಳನ್ನು ಆಧರಿಸಿದ ಆ ವರದಿ 867 ಜಾತಿಯ ಪಕ್ಷಿಗಳನ್ನು ಪರಿಶೀಲಿಸಿತ್ತು. ಗುಬ್ಬಚ್ಚಿಯ ಸಂಖ್ಯೆ ದೇಶದಲ್ಲಿ ಒಟ್ಟಾರೆ ಹೆಚ್ಚುಕಡಿಮೆ ಸ್ಥಿರವಾಗಿದೆ, ಬೆಂಗಳೂರೂ ಸೇರಿದಂತೆ ಆರು ಮಹಾನಗರಗಳಲ್ಲಿ ಇಳಿದಿದೆ ಎಂದು ಅದು ಹೇಳಿತು. ಮೊಬೈಲ್ ಗೋಪುರಗಳನ್ನು ದೂಷಿಸಲು ಆಧಾರ ಸಿಗಲಿಲ್ಲ. ಗೂಡಿಗೆ ಜಾಗವಿಲ್ಲದಿರುವುದು, ಮರಿಗಳಿಗೆ ಕೀಟಗಳು ಸಿಗದಿರುವುದು ಹೆಚ್ಚು ಸಂಭವನೀಯ ಕಾರಣಗಳೆನಿಸಿದವು.

ಈ ಎರಡು ಕಾರಣಗಳು ನಮ್ಮ ಪಟ್ಟಣಗಳ ಕಥೆಯೂ ಹೌದು. ಹೆಂಚಿನ ಮನೆಯ ತೊಲೆ, ಗೋಡೆಯ ಸಂದು, ಪಟಗಳ ಹಿಂಬದಿ ಗುಬ್ಬಿಯ ಬಾಣಂತಿ ಕೋಣೆಗಳಾಗಿದ್ದವು. ಆರ್‌ಸಿಸಿ ಮನೆಯಲ್ಲಿ ಆ ಸಂದುಗಳಿಲ್ಲ. ದಿನಸಿ ಅಂಗಡಿಯ ತೆರೆದ ಚೀಲಗಳ ಬದಲು ಪ್ಯಾಕೆಟ್ ಬಂತು. ಕಣದ ಕೆಲಸವನ್ನು ಯಂತ್ರ ವಹಿಸಿಕೊಂಡಿತು. ರಾಗಿಯ ಜಾಗಕ್ಕೆ ಮೆಕ್ಕೆಜೋಳ ಬಂದ ಕಡೆ ಕಾಳೇನೋ ಉಂಟು, ಗುಬ್ಬಿಯ ಕೊಕ್ಕಿಗೆ ಅದು ದೊಡ್ಡದು. ಇನ್ನೊಂದು ಸಂಗತಿಯನ್ನು ಬಹಳ ಮಂದಿ ಮರೆಯುತ್ತಾರೆ. ಕಾಳು ತಿನ್ನುವ ಗುಬ್ಬಿಯೂ ತನ್ನ ಮರಿಗಳಿಗೆ ಮೊದಲ ದಿನಗಳಲ್ಲಿ ತಿನ್ನಿಸುವುದು ಹುಳುಗಳನ್ನು. ಬಟ್ಟಲು ತುಂಬ ಅಕ್ಕಿ ಇಟ್ಟ ಮನೆಯ ಸುತ್ತ ಹುಳುವೇ ಇಲ್ಲದಿದ್ದರೆ ಮರಿ ಬದುಕುವುದು ಕಷ್ಟ.

ಕಾಳಿನಿಂದಲೂ ಕೇಡು

ಕಾಳು ಹಾಕುವುದು ಪುಣ್ಯವೆಂಬ ಮಾತಿಗೂ ಎಣಿಕೆ ಒಂದು ಎಚ್ಚರಿಕೆ ಸೇರಿಸಿದೆ. ಬ್ರಿಟನ್ನಿನ ಕೈತೋಟಗಳಲ್ಲಿ ಕಾಳಿನ ತಟ್ಟೆಗೆ ಬರುತ್ತಿದ್ದ ಗ್ರೀನ್‌ಫಿಂಚ್ ಎಂಬ ಹಸಿರು ಹಕ್ಕಿಗಳು 2005ರಿಂದ ಗಂಟಲಿನ ಸೋಂಕಿಗೆ ಬಲಿಯಾಗತೊಡಗಿದವು. ಕೊಳಕು ತಟ್ಟೆ, ಹಳಸಿದ ನೀರು, ಒಂದೇ ಕಡೆ ಮುಗಿಬೀಳುವ ಗುಂಪು ರೋಗ ಹರಡಲು ನೆರವಾದವು. ಜನ ಎಣಿಸುತ್ತಿದ್ದುದರಿಂದಲೇ ಆ ಕುಸಿತ ಬೇಗ ಕಣ್ಣಿಗೆ ಬಿತ್ತು. 2021ರಲ್ಲಿ ಆ ಹಕ್ಕಿ ಅಲ್ಲಿನ ಕೆಂಪು ಪಟ್ಟಿ ಸೇರಿತು. ಪ್ರೀತಿಯಿಂದ ಹಾಕಿದ ಕಾಳೇ ಹಕ್ಕಿಯ ಪ್ರಾಣಕ್ಕೆ ಮುಳುವಾದದ್ದು ಲೆಕ್ಕ ಇಲ್ಲದಿದ್ದರೆ ತಿಳಿಯುತ್ತಲೇ ಇರಲಿಲ್ಲ.

ನಮ್ಮ ಪಟ್ಟಣಗಳಲ್ಲಿ ಈ ಸಮಸ್ಯೆಯ ರೂಪ ಪಾರಿವಾಳ. ವೃತ್ತಗಳಲ್ಲಿ ಮೂಟೆಗಟ್ಟಲೆ ಜೋಳ ಸುರಿದರೆ ಪಾರಿವಾಳ ಒಂದೇ ಹೆಚ್ಚುತ್ತದೆ. ಅದರ ಹಿಕ್ಕೆಯ ಧೂಳು ಶ್ವಾಸಕೋಶದ ಕಾಯಿಲೆ ತರಬಲ್ಲದು. 2025ರಲ್ಲಿ ಮುಂಬಯಿಯ ದಾದರ್‌ನ ಕಬೂತರ್‌ಖಾನೆಯನ್ನು ಮುಚ್ಚಿದಾಗ ಧರ್ಮ ಮತ್ತು ಆರೋಗ್ಯಗಳ ನಡುವೆ ದೊಡ್ಡ ವಾಗ್ವಾದವೇ ನಡೆಯಿತು. ಕಣದ ಅಂಚಿನ ಕಾಳು ಚೆದುರಿ ಬಿದ್ದಿರುತ್ತಿತ್ತು, ಸುಗ್ಗಿಯ ಕೆಲವು ವಾರ ಮಾತ್ರ ಇರುತ್ತಿತ್ತು. ಒಂದೇ ಜಾಗದಲ್ಲಿ ವರ್ಷವಿಡೀ ಸುರಿಯುವ ಮೂಟೆಗೂ ಅದಕ್ಕೂ ಹೋಲಿಕೆ ಇಲ್ಲ.

ಹದಿನೈದು ನಿಮಿಷದ ಕೆಲಸ

ಹಿತ್ತಲ ಎಣಿಕೆಗೆ ದುರ್ಬೀನೂ ಬೇಕಿಲ್ಲ, ಪದವಿಯೂ ಬೇಕಿಲ್ಲ. ಫೆಬ್ರವರಿಯ ಎಣಿಕೆಯಲ್ಲಿ ನಾಲ್ಕು ದಿನಗಳ ಪೈಕಿ ಒಂದು ದಿನ ಹದಿನೈದು ನಿಮಿಷ ಕೂತು ನೋಡಿದರೂ ಸಾಕು. ತೋಟದಲ್ಲಿ ಎಣಿಸುವವರು ನೆನಪಿಡಬೇಕಾದ ಸೂತ್ರವೊಂದಿದೆ. ಹೋದ ಹಕ್ಕಿಯೇ ಮರಳಿ ಬರಬಹುದಾದ್ದರಿಂದ ಒಂದೇ ಸಲ ಕಣ್ಣಿಗೆ ಬಿದ್ದ ಅತಿ ಹೆಚ್ಚು ಸಂಖ್ಯೆಯನ್ನು ಬರೆಯುವುದು ಒಳಿತು. ಮೂರು ಪಿಕಳಾರ, ಆಮೇಲೆ ಎರಡು ಎಂದರೆ ಐದಲ್ಲ, ಮೂರು. ದಿನಾಂಕ, ಹೊತ್ತು, ಸ್ಥಳ ಬರೆಯದ ಲೆಕ್ಕಕ್ಕೆ ಬೆಲೆಯಿಲ್ಲ. ಏನೂ ಬಾರದ ದಿನವನ್ನೂ ಬರೆಯಬೇಕು.

ಆಹಾರದ ವಿಷಯದಲ್ಲೂ ಕ್ರಮ ಸರಳ. ಬೇಸಿಗೆಯಲ್ಲಿ ಅಗಲವಾದ, ಆಳವಿಲ್ಲದ ಮಣ್ಣಿನ ಬಟ್ಟಲಲ್ಲಿ ನೀರಿಟ್ಟು ದಿನವೂ ತೊಳೆದು ಬದಲಿಸಬೇಕು. ರಾಗಿ, ನವಣೆಯಂಥ ಸಣ್ಣ ಕಾಳನ್ನು ಒಂದೇ ಹೊತ್ತಿಗೆ ಮುಗಿಯುವಷ್ಟು ಹಾಕಬೇಕು. ಎಣ್ಣೆ, ಉಪ್ಪು ಹಾಕಿದ ತಿಂಡಿ ಬೇಡ. ಎಲ್ಲಕ್ಕಿಂತ ಮಿಗಿಲಾಗಿ, ಹಿತ್ತಲಲ್ಲಿ ಒಂದು ಸೀಬೆ, ಒಂದು ದಾಸವಾಳ, ಒಂದು ಅವರೆ ಚಪ್ಪರ ಇದ್ದರೆ ಹಣ್ಣು, ಮಕರಂದ, ಹುಳು ಮೂರೂ ಸಿಗುತ್ತವೆ.

ಯಾವ ತಟ್ಟೆಗೂ ಬಾರದ ಹಕ್ಕಿಯೊಂದರ ಸುದ್ದಿಯೂ ಇಂಥ ಲೆಕ್ಕದಿಂದಲೇ ತಿಳಿದದ್ದು. ಕರ್ನಾಟಕದ ರಾಜ್ಯಪಕ್ಷಿ ನೀಲಕಂಠ ಕಾಳು ಮುಟ್ಟುವುದಿಲ್ಲ. ತಂತಿಯ ಮೇಲೆ ಕೂತು ಹೊಲದ ಹುಳ ಹಿಡಿಯುವುದು ಅದರ ಕ್ರಮ. ತೆಲುಗರು ಪಾಲಪಿಟ್ಟ ಎಂದು ಕರೆಯುವ ಈ ಹಕ್ಕಿ ವಿಜಯದಶಮಿಯಂದು ಕಂಡರೆ ಶುಭವೆಂಬ ನಂಬಿಕೆಯಿದೆ. 2023ರ ವರದಿ 942 ಜಾತಿಗಳನ್ನು ಪರಿಶೀಲಿಸಿತು. ನೀಲಕಂಠದ ಸಂಖ್ಯೆ ಇಳಿಯುತ್ತಿದೆ, ಅದರ ಸ್ಥಿತಿಯನ್ನು ಮರುಪರಿಶೀಲಿಸಬೇಕು ಎಂದು ಅದು ಎಚ್ಚರಿಸಿತು. ಅಂದು ಹಬ್ಬದ ದಿನ ನೀಲಕಂಠ ಕಂಡವರು ಕೈಮುಗಿದು ಮನೆಗೆ ಹೋಗುತ್ತಿದ್ದರು. ಇಂದು ಕೈಮುಗಿದ ಮೇಲೆ ದಿನಾಂಕ, ಊರು, ಸಂಖ್ಯೆ ಬರೆದಿಟ್ಟರೆ, ‘ಆಗ ಎಷ್ಟಿದ್ದವು?’ ಎಂದು ಮೊಮ್ಮಕ್ಕಳು ಕೇಳಿದಾಗ ತೋರಿಸಲು ಒಂದು ಪುಸ್ತಕವಾದರೂ ಇರುತ್ತದೆ.